ಮೈ ಕೊಡವದ ಹುಂಜ

ಬೆಳಿಗ್ಗೆ ನಮ್ಮ ನಂಜನಗೂಡಿನ ಬೀದಿಯ ಮೋರಿಗೆ ಬ್ಲೀಚಿಂಗ್ ಪೌಡರ್ ಎರಚಿ ಹೋದರು. ಕಿಟಕಿ ಮುಚ್ಚಿದರೂ ವಾಸನೆ ಒಳಗೆ ಬಂತು. ಅದರ ಹಿಂದೆಯೇ ನೆನಪಿನಲ್ಲಿ ಅಕ್ಕನೂ ಬಂದಳು... ನಾನು ಟಿ. ನರಸೀಪುರದಲ್ಲಿ ಟೀಚರ್ ಆಗಿದ್ದಾಗ ಪಕ್ಕದ ಮನೆಯಲ್ಲಿ ಕೋಳಿ ಸಾಕಿಕೊಂಡಿದ್ದವಳು.

ನಮ್ಮದು ಮಾಂಸ ಮುಟ್ಟದ ಮನೆ. "ಸೊಪ್ಪು ತಿಂದೂ ತಿಂದೂ ಮೇಕೆ ಆಗೋಯ್ತೀರ ಟೀಚ್ರಮ್ಮ" ಎಂದು ರೇಗಿಸುತ್ತಿದ್ದಳು. ಅವಳ ಕೋಳಿಗಳಲ್ಲಿ ಒಂದು ಕೆಂಪು ಹುಂಜ ಮಾರಮ್ಮನಿಗೆ ಹರಕೆಯದು. ತಗಡೂರಿಗೆ ಕೊಟ್ಟಿದ್ದ ಮಗಳಿಗೆ ಎರಡು ಬಸಿರು ನಿಂತಿರಲಿಲ್ಲ; ಮೂರನೆಯದಕ್ಕೆ ಹೊತ್ತ ಹರಕೆ. ಹಾಗೆಂದು ಹುಂಜವನ್ನು ಸುಮ್ಮನೆ ಕುಯ್ಯುವಂತಿಲ್ಲ. ಅರಿಶಿನದ ನೀರು ಚಿಮುಕಿಸಿ ಕಾಯಬೇಕು. ಅದು ಮೈ ಕೊಡವಿದರೆ ಒಪ್ಪಿದಂತೆ.

"ಅದು ಊಂ ಅನ್ಬೇಕು ಕಣಮ್ಮ. ಅನ್ನದೆ ಕುಯ್ದ್ರೆ ಕೊಲೆ."

ಆ ವರ್ಷ ಕೋಳಿರೋಗ ಬಂತು. ತಲೆಯಿಂದ ಕಾಲಿನವರೆಗೆ ಬಿಳಿ ಸೂಟ್ ತೊಟ್ಟವರು ಅಂಗಳಕ್ಕೆ ಬಂದರು. "ಇಡೀ ಏರಿಯಾ ಕಲ್ಲಿಂಗ್ ಮಾಡ್ಬೇಕು, ಆರ್ಡರ್ ಆಗಿದೆ" ಎಂದ ದನದ ಡಾಕ್ಟರ್, ಇನ್ನೂ ಎಳೆಯ ಹುಡುಗ.

ಅಕ್ಕ ನನ್ನ ಮುಖ ನೋಡಿದಳು. "ಏನಮ್ಮ ಅದು?"

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಆ ಪದವನ್ನು ಹೂವಿನ ಜೊತೆ ಕಲಿಸಿದ್ದರು. ತೋಟದಲ್ಲಿ ಚೆಂದದ ಹೂಗಳನ್ನು ಆರಿಸಿ ಬಿಡಿಸುವುದು, ಕಲ್. ಮಂದೆಯಿಂದ ಬಡಕಲು ಕುರಿಯನ್ನು ಬೇರ್ಪಡಿಸುವುದಕ್ಕೂ ಅದೇ ಎಂದು ಡಿಕ್ಷನರಿ ಹೇಳುತ್ತಿತ್ತು. ಅಂಗಳದಲ್ಲಿ ಆರಿಸುವವರು ಯಾರೂ ಇರಲಿಲ್ಲ, ಬಾಯಿ ತೆರೆದ ಚೀಲಗಳಿದ್ದವು.

"ಕೊಲ್ಲೋದು ಅಕ್ಕ."

"ಎಲ್ಲಾನೂವಾ?"

"ಎಲ್ಲಾನೂ."

ಅವಳು ಅಳಲಿಲ್ಲ. ಹುಂಜವನ್ನು ಎತ್ತಿಕೊಂಡು ಡಾಕ್ಟರ ಮುಂದೆ ನಿಂತಳು. "ಇದು ಅಮ್ಮನ್ದು ಸಾ. ಇದೊಂದ ನಾನೇ ಕೇಳ್ಬುಟ್ಟು ಕೊಡ್ತೀನಿ."

ಆತನಿಗೆ ಅರ್ಥವಾಗಲಿಲ್ಲ. "ಬೇಗ ಆಗ್ಲಿ ಅಜ್ಜಿ" ಎಂದ.

ಅರಿಶಿನದ ನೀರು ತಂದು ಚಿಮುಕಿಸಿದಳು. ಹುಂಜ ಅಲುಗಲಿಲ್ಲ. ಮತ್ತೆ ಚಿಮುಕಿಸಿದಳು. "ಊಂ ಅನ್ನು ನನ್ನಪ್ಪ, ಅವ್ಳ ಒಟ್ಟೇಲಿ ಕೂಸದೆ..." ಅದಕ್ಕೂ ರೋಗ ತಗುಲಿತ್ತೋ ಏನೋ, ಕಣ್ಣು ಅರೆ ಮುಚ್ಚಿ, ನೆನೆದ ರೆಕ್ಕೆ ಇಳಿಬಿಟ್ಟು ಸುಮ್ಮನೆ ನಿಂತಿತ್ತು. ಗ್ಲೌಸ್ ತೊಟ್ಟ ಕೈಯೊಂದು ಬಂದು ಅದನ್ನು ಎತ್ತಿಕೊಂಡಿತು.

ಹಿತ್ತಿಲಲ್ಲಿ ಗುಂಡಿ, ಸುಣ್ಣ, ಮೇಲೆ ಬ್ಲೀಚಿಂಗ್ ಪೌಡರ್.

"ಒಪ್ನಿಲ್ಲ ಕಣಮ್ಮ ಅದು" ಎಂದಳು, ಅಷ್ಟೇ.

ಮಗಳಿಗೆ ಹೆರಿಗೆ ಸುಸೂತ್ರವಾಗಿಯೇ ಆಯಿತು, ಹೆಣ್ಣು ಮಗು. ಆದರೆ ಆ ಮಗುವಿಗೆ ಜ್ವರ ಬಂದರೂ, ಎಡವಿ ಬಿದ್ದರೂ ಅಕ್ಕ ಎದ್ದು ಹಿತ್ತಿಲ ಕಡೆ ಹೋಗಿ ನಿಲ್ಲುತ್ತಿದ್ದಳು. ಬೇರೆ ಹುಂಜ ತಂದು ಒಪ್ಪಿಸಿ ಎಂದೆ. "ಅದ್ರ ಮಾತ ಇನ್ನೊಂದ್ರತ್ರ ಕೇಳಕಾದದಾ?" ಎಂದಳು. ಅವಳು ತೀರಿಕೊಳ್ಳುವವರೆಗೂ ಕೋಳಿಗೂಡು ಖಾಲಿಯೇ ಇತ್ತು.

ಇವತ್ತಿನ ಪೇಪರಿನಲ್ಲಿ ಎಲ್ಲೋ ಮತ್ತೆ ಕೋಳಿರೋಗದ ಸುದ್ದಿ. 'ಕಲ್ಲಿಂಗ್' ಎಂದು ಕನ್ನಡ ಅಕ್ಷರದಲ್ಲೇ ಅಚ್ಚಾಗಿದೆ, ಹುಟ್ಟಿದಾಗಿನಿಂದ ನಮ್ಮದೇ ಎಂಬಂತೆ. ಕನ್ನಡಕ ತೆಗೆದು ಪೇಪರ್ ಮಡಿಸಿಟ್ಟೆ. ಏನಮ್ಮ ಅದು ಎಂದು ನನ್ನ ಮುಖ ನೋಡುವವರು ಈಗ ಯಾರೂ ಇಲ್ಲ...