ನೋಕಿಯ ಜ್ವರ, ಸೋಮವಾರದ ಹೊಗೆ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ರಾತ್ರಿ ಬಿದ್ದ ಹಿಮವನ್ನು ಸಲಿಕೆಯಿಂದ ಬದಿಗೆ ತಳ್ಳಿ, ಬೂಟುಗಳನ್ನು ಹೊಸ್ತಿಲಿಗೆ ಕುಟ್ಟಿ, ಲೆಂಪಿ ಕಾಂಗಸ್ ಉಗಿಮನೆಯ ಬಾಗಿಲು ತೆರೆಯುತ್ತಾರೆ. ಇವತ್ತು ಶನಿವಾರ. ಮಧ್ಯಾಹ್ನ ಹೆಂಗಸರು ಬರುತ್ತಾರೆ, ಸಂಜೆ ಗಂಡಸರು. ಅಷ್ಟರಲ್ಲಿ ಒಲೆಯ ಮೇಲಿನ ಕಲ್ಲುಗಳು ಒಳಗಿನವರೆಗೂ ಕಾದಿರಬೇಕಾದರೆ ಬೆಂಕಿ ಈಗಲೇ ಹತ್ತಬೇಕು. ಆದರೆ ಲೆಂಪಿ ಮೊದಲು ಒಲೆಯ ಕಡೆ ಹೋಗುವುದಿಲ್ಲ. ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೂಲೆಯಲ್ಲಿ, ಹಳೆಯ ಉಣ್ಣೆ ಕೋಟೊಂದರ ಮೇಲೆ ಸುರುಳಿ ಸುತ್ತಿಕೊಂಡು ಮಲಗಿರುವ ಬೆಕ್ಕಿನ ಬಳಿ ಹೋಗಿ, ಕೈಗವಸು ಕಳಚಿ, ಬೆರಳ ಹಿಂಬದಿಯಿಂದ ಅದರ ಕಿವಿಯನ್ನು ಮುಟ್ಟಿ ನೋಡುತ್ತಾರೆ.

ಬೆಕ್ಕು ಕಣ್ಣು ತೆರೆಯದೆ ಗುರುಗುಟ್ಟುತ್ತದೆ.

"ಆಯ್ತು ಮಹಾರಾಣಿ, ಬೈಬೇಡ. ಕಿವಿ ತಣ್ಣಗಿದೆ. ನನಗೆ ಅಷ್ಟೇ ಬೇಕಿತ್ತು" ಎನ್ನುತ್ತಾರೆ ಲೆಂಪಿ. ಆಮೇಲೆ ಕಡ್ಡಿ ಗೀರಿ ಬರ್ಚ್ ಮರದ ತೊಗಟೆಗೆ ಹಿಡಿಯುತ್ತಾರೆ.

ಸುಪೀರಿಯರ್ ಸರೋವರದ ದಂಡೆಯ ನಮ್ಮ ಊರಿನಲ್ಲಿ ಊರವರೆಲ್ಲ ಬರಬಹುದಾದ ಸೌನಾ ಅಂತ ಉಳಿದಿರುವುದು ಇದೊಂದೇ. ತಾಮ್ರದ ಗಣಿಗೆಂದು ಫಿನ್‌ಲೆಂಡಿನಿಂದ ಬಂದವರು ಕಟ್ಟಿದ ಉಗಿಮನೆ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಒಲೆ ಮಾತ್ರ ಬುಧವಾರ ಮತ್ತು ಶನಿವಾರ ಉರಿಯುತ್ತಲೇ ಇದೆ. ಲೆಂಪಿಯವರ ಅತ್ತೆ ಇದನ್ನು ನೋಡಿಕೊಳ್ಳುತ್ತಿದ್ದರು. ಅವರ ಕೈಗಳು ಗಂಟು ಕಟ್ಟಿದ ಮೇಲೆ ಕೊಡಲಿ ಸೊಸೆಯ ಕೈಗೆ ಬಂತು. ಕಟ್ಟಿಗೆ ಸೀಳುವುದು, ಬೆಂಚುಗಳನ್ನು ಬ್ರಷ್ಷಿನಿಂದ ತಿಕ್ಕುವುದು, ಹೆಪ್ಪುಗಟ್ಟಿದ ನೀರಿನ ಕೊಳವೆಯನ್ನು ಬಿಸಿಬಟ್ಟೆ ಸುತ್ತಿ ಕರಗಿಸುವುದು, ಉಗಿಯಲ್ಲಿ ಕೂತು ಮೈಗೆ ಬಡಿದುಕೊಳ್ಳಲೆಂದು ಬೇಸಿಗೆಯಲ್ಲಿ ಎಳೆಯ ಬರ್ಚ್ ಕೊಂಬೆಗಳನ್ನು ಕಟ್ಟಿ ಚಳಿಗಾಲಕ್ಕೆ ಒಣಗಿಸಿಡುವುದು. ಉಗಿಯಲ್ಲಿ ಕೂತವರಿಗೆ ಇದ್ಯಾವುದೂ ಕಾಣುವುದಿಲ್ಲ. ಬಿಸಿ ಸರಿಯಾಗಿದ್ದರೆ ಯಾರೂ ಏನೂ ಹೇಳುವುದಿಲ್ಲ. ಸ್ವಲ್ಪ ಕಡಿಮೆಯಾದರೆ ಮಾತ್ರ "ಏನೇ ಲೆಂಪಿ, ಇವತ್ತು ಮೇಣದಬತ್ತಿ ಹಚ್ಚಿದೀಯಾ?" ಎಂಬ ಕೂಗು ಬರುತ್ತದೆ.

ನೋಕಿ ಬಂದದ್ದು ಲೆಂಪಿಯವರ ಗಂಡ ರೇ ತೀರಿಕೊಂಡ ವರ್ಷ. ಕಟ್ಟಿಗೆ ರಾಶಿಯ ಸಂದಿಯಲ್ಲಿ ಅಂಗೈಯಗಲದ ಬೂದುಬಣ್ಣದ ಮರಿ. ಮೈಗೆಲ್ಲ ಮಸಿ ಮೆತ್ತಿಕೊಂಡಿತ್ತು. ಇಲ್ಲಿಯವರ ಭಾಷೆಯಲ್ಲಿ ನೋಕಿ ಎಂದರೆ ಮಸಿಯೇ. ಅಂದಿನಿಂದ ಅದು ಉಗಿಮನೆಯ ಬೆಕ್ಕು. ಬೆತ್ತಲೆ ಮನುಷ್ಯರನ್ನು ಅದರಷ್ಟು ನೋಡಿದವರು ಊರಲ್ಲಿ ಇನ್ಯಾರೂ ಇಲ್ಲ, ಯಾರ ಗುಟ್ಟನ್ನೂ ಅದು ಬಿಟ್ಟುಕೊಟ್ಟಿಲ್ಲ ಎಂದು ಹೆಂಗಸರು ನಗುತ್ತಾರೆ.

ಕಳೆದ ಫೆಬ್ರವರಿಯ ಒಂದು ಭಾನುವಾರ ನೋಕಿ ಕೋಟಿನ ಮೇಲಿಂದ ಏಳಲಿಲ್ಲ. ಹಿಂದಿನ ದಿನ ಚೆನ್ನಾಗಿಯೇ ಇತ್ತು. ಬಾಗಿಲಲ್ಲಿ ಕೂತು ಬಂದವರ ಬೂಟುಗಳನ್ನೆಲ್ಲ ಮೂಸಿತ್ತು. ಈಗ ಹಾಲು ಬೇಡ, ಮಾಂಸ ಬೇಡ, ಕರೆದರೆ ತಲೆ ಎತ್ತುವುದಿಲ್ಲ. ಮೈ ಗಡಗಡ ನಡುಗುತ್ತಿತ್ತು.

"ನಡುಗ್ತಾ ಇದೆ ಅಂದ್ರೆ ಚಳಿ ಅಲ್ವಾ? ನಾನು ಅಷ್ಟೇ ಯೋಚನೆ ಮಾಡಿದ್ದು" ಎನ್ನುತ್ತಾರೆ ಲೆಂಪಿ.

ಇಲ್ಲಿಯವರಿಗೆ ಮೈಗೆ ಏನಾದರೂ ಉಗಿಮನೆಯೇ ಮೊದಲ ಮದ್ದು. ನೆಗಡಿಯಾದರೂ ಅದೇ, ಸೊಂಟ ಹಿಡಿದರೂ ಅದೇ, ಮನಸ್ಸು ಕೆಟ್ಟರೂ ಅದೇ. ಲೆಂಪಿಯವರ ತಾಯಿ ಹುಟ್ಟಿದ್ದು ಉಗಿಮನೆಯ ಬೆಂಚಿನ ಮೇಲೆ. ಅಜ್ಜಿಯ ಹೆಣಕ್ಕೆ ನೀರು ಹಾಕಿದ್ದೂ ಅಲ್ಲೇ. ಹಾಗಾಗಿ ಲೆಂಪಿ ಭಾನುವಾರವೂ ಒಲೆಗೆ ಎರಡು ಸೌದೆ ತುಂಬಿ, ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಒಳಗಿನ ಕೆಳಬೆಂಚಿನ ಮೇಲೆ ತೊಡೆಯಲ್ಲಿಟ್ಟುಕೊಂಡು ಕೂತರು. ನಡುಕ ನಿಂತಿತು. ವಾಸಿಯಾಯಿತು ಅಂದುಕೊಂಡರು. ಸ್ವಲ್ಪ ಹೊತ್ತಿಗೆ ನೋಕಿ ಬಾಯಿ ತೆರೆದು ನಾಯಿಯ ಹಾಗೆ ಏದುಸಿರು ಬಿಡತೊಡಗಿತು. ಬೆಕ್ಕು ಹಾಗೆ ಉಸಿರಾಡುವುದನ್ನು ಲೆಂಪಿ ಎಂದೂ ನೋಡಿರಲಿಲ್ಲ. ಟವೆಲ್ ಕಿತ್ತೆಸೆದು, ಒದ್ದೆ ಕೂದಲಲ್ಲೇ ಟ್ರಕ್ ಹತ್ತಿ, ಪಕ್ಕದ ಊರಿನ ಪ್ರಾಣಿಗಳ ಡಾಕ್ಟರ್ ಪೆಂಗೆಲಿಯವರ ಮನೆ ಬಾಗಿಲು ಬಡಿದರು.

ಅದಕ್ಕೆ ಚಳಿಯಾಗಿರಲಿಲ್ಲ, ಜ್ವರ ಬಂದಿತ್ತು. ಉರಿಯುವ ಮೈಯನ್ನು ಅವರು ಇನ್ನಷ್ಟು ಕಾಯಿಸಿದ್ದರು.

ಡಾಕ್ಟರ್ ಪೆಂಗೆಲಿ ಬೈಯಲಿಲ್ಲ. ನೋಕಿಯನ್ನು ಅಲ್ಲೇ ಇರಿಸಿಕೊಂಡರು. ಚರ್ಮದಡಿ ನೀರು ಏರಿಸಿದರು, ರಕ್ತ ತೆಗೆದರು, ಎಕ್ಸ್‌ರೇ ಮಾಡಿದರು. ಲೆಂಪಿ ಮನೆಗೆ ಬಂದು ಕಾರಣ ಹುಡುಕಲು ಕೂತರು.

"ರೇ ಹೋದಾಗ ಡಾಕ್ಟರು ಕಾಗದದ ಮೇಲೆ ಹೃದಯದ ಚಿತ್ರ ಬರೆದು, ಇಗೋ ಇಲ್ಲಿ ಕಟ್ಕೊಂಡಿತ್ತು ಅಂತ ತೋರಿಸಿದ್ರು. ಆ ಚಿತ್ರ ಹಿಡ್ಕೊಂಡೇ ನಾನು ದಿನ ತಳ್ಳಿದ್ದು. ಬೆಣ್ಣೆ ಜಾಸ್ತಿ ತಿಂದ, ಸಿಗರೇಟು ಸೇದಿದ, ಹೇಳಿದ ಮಾತು ಕೇಳ್ಲಿಲ್ಲ ಅಂತ ಅವನ ಮೇಲೆ ಸಿಟ್ಟಾದ್ರೂ ಮಾಡ್ಕೋಬಹುದಿತ್ತು. ಇದರ ಮೇಲೆ ಯಾವ ಸಿಟ್ಟು ಮಾಡ್ಕೊಳ್ಳಲಿ?"

ಸಿಟ್ಟಿಗೆ ಜಾಗ ಬೇಕಿತ್ತು. ನೆಲ ಒರೆಸುವ ಸೋಪಿನ ನೀರನ್ನು ಹೊರಗೆ ಚೆಲ್ಲಿದರು. ಹೊಸದಾಗಿ ಬಂದ ಕಟ್ಟಿಗೆಗೆ ಬಣ್ಣವೇನಾದರೂ ಬಳಿದಿದೆಯೇ ಎಂದು ಒಂದೊಂದೇ ತುಂಡನ್ನು ಮೂಸಿದರು. ಶೆಡ್ಡಿನ ಹಿಂದೆ ಟ್ರಕ್ಕಿನ ಎಣ್ಣೆ ಸೋರಿದೆಯೇ ಎಂದು ಹಿಮ ಕೆದಕಿದರು. ಎಲ್ಲೂ ಏನೂ ಸಿಗಲಿಲ್ಲ. ಕೊನೆಗೆ ನೆನಪಾಗಿದ್ದು ಡೊರೀನ್ ಲಾಹ್ಟಿಯವರ ಮೀನು.

ಡೊರೀನ್ ಮತ್ತು ಲೆಂಪಿ ಒಂದೇ ಶಾಲಾ ಬಸ್ಸಿನಲ್ಲಿ ಬೆಳೆದವರು. ಡೊರೀನ್ ಸರೋವರದ ಬಿಳಿಮೀನಿಗೆ ಮೇಪಲ್ ಸೌದೆಯ ಹೊಗೆ ಹಾಕುವುದರಲ್ಲಿ ಹೆಸರಾದವರು. ಉಗಿಮನೆಗೆ ಬರುವಾಗಲೆಲ್ಲ ಎಣ್ಣೆಕಾಗದದಲ್ಲಿ ನೋಕಿಗೆಂದು ನಾಲ್ಕು ಚೂರು ತರುತ್ತಾರೆ. ಮೇಲಿನ ಬೆಂಚಿನ ಎಡಮೂಲೆ ಅವರದು. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ.

ಬುಧವಾರ ಬಂತು. ಬೆಕ್ಕು ಆಸ್ಪತ್ರೆಯಲ್ಲಿದೆ ಎಂದು ಒಲೆ ಹಚ್ಚದೆ ಬಿಡುವ ಹಾಗಿಲ್ಲ. ಹೆಂಗಸರು ಬಂದರು, ಉಗಿ ಏರಿತು. ಉಗಿಮನೆಯೊಳಗೆ ಯಾರೂ ದನಿ ಎತ್ತುವುದಿಲ್ಲ. ಜಗಳವಿದ್ದರೆ ಹೊರಗೆ, ಬಟ್ಟೆ ಹಾಕಿಕೊಂಡು, ಹಿಮದಲ್ಲಿ ನಿಂತು ಆಡಬೇಕು. ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಒಲೆ ನೋಡಿಕೊಳ್ಳುವವರೇ ಅದನ್ನು ಮೀರಿದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ.

"ಡೊರೀನ್, ಶನಿವಾರ ನೋಕಿಗೆ ಏನು ಹಾಕಿದೆ?"

"ಯಾವಾಗ್ಲೂ ಹಾಕೋದೇ. ಯಾಕೆ?"

"ಯಾವತ್ತಿನ ಮೀನು ಅದು?"

"ನನ್ನ ಮೀನು ಕೆಟ್ಟಿತ್ತು ಅಂತೀಯೇನೇ?"

"ಶನಿವಾರದವರೆಗೂ ಚೆನ್ನಾಗಿತ್ತು ನನ್ನ ಬೆಕ್ಕು. ನಿನ್ನಿಂದಲೇ ಸಾಯ್ತಾ ಇದೆ ಅದು!"

ಗೋಡೆಯ ಹಲಗೆಗಳು ಆ ದನಿಯನ್ನು ಹಿಂದಕ್ಕೆ ಕೊಟ್ಟವು. ಡೊರೀನ್ ಮೂಲೆಯಿಂದ ಇಳಿದರು. ಮೈಮೇಲೆ ತಣ್ಣೀರನ್ನೂ ಹಾಕಿಕೊಳ್ಳದೆ, ಬೆವರಿನ ಮೈಗೇ ಬಟ್ಟೆ ತೊಟ್ಟು ಹೊರಟುಹೋದರು. ಬೆಂಚಿನಲ್ಲಿದ್ದ ಒಬ್ಬ ಅಜ್ಜಿ ಹೇಳಿದರು: "ನಿನ್ನ ಅತ್ತೆ ಬದುಕಿದ್ದಿದ್ರೆ ನಿನ್ನನ್ನ ಹಿಮಕ್ಕೆ ದಬ್ಬುತ್ತಿದ್ಲು."

ಅದೇ ಸಂಜೆ ಗಂಡಸರ ಹೊತ್ತಿನಲ್ಲಿ ವೈನೋ ಬಂದರು. ಇಡೀ ಆಯುಷ್ಯ ಕಾಡಿನಲ್ಲಿ ಮರ ಕಡಿದವರು, ಮಾತೂ ಗರಗಸದ ಹಾಗೆ. "ಬೆಕ್ಕಿಗೆ ಆಸ್ಪತ್ರೆಯಂತೆ! ನಮ್ಮಪ್ಪನ ಹಲ್ಲು ಕೀಳೋಕೆ ಡಾಕ್ಟರ್ ಇರ್ಲಿಲ್ಲ, ಇಕ್ಕಳದಲ್ಲಿ ಕಿತ್ತಿದ್ದು. ಒಂದು ಗುಂಡು ಹೊಡೆದಿದ್ರೆ ಮುಗೀತಿತ್ತು ಲೆಂಪಿ." ಸೌದೆ ತರಲು ಹೊರಗೆ ಹೋದ ಲೆಂಪಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹೊರಗೇ ಇದ್ದರು.

ಮರುದಿನ ಡಾಕ್ಟರ್ ಫೋನ್ ಮಾಡಿದರು. ಜ್ವರ ನಿಧಾನಕ್ಕೆ ಇಳಿಯುತ್ತಿದೆ ಎಂದರು.

"ಯಾಕೆ ಬಂದಿದ್ದಂತೆ?"

"ಎಲ್ಲಾ ನೋಡಿದ್ವಿ. ಏನೂ ಸಿಕ್ಕಿಲ್ಲ."

"ಮೀನಿಂದ ಇರ್ಬಹುದಾ?"

"ಕೆಟ್ಟ ಮೀನಾಗಿದ್ರೆ ಹೊಟ್ಟೆ ಹೇಳ್ತಿತ್ತು. ವಾಂತಿ ಇಲ್ಲ, ಭೇದಿ ಇಲ್ಲ. ಮೀನಿಂದಲ್ಲ."

"ನಾನು ಬಿಸಿಗೆ ಇಟ್ಟಿದ್ದು?"

"ಅದರಿಂದ ಒಳ್ಳೇದಾಗ್ಲಿಲ್ಲ, ನಿಜ. ಆದ್ರೆ ಜ್ವರ ಅದಕ್ಕಿಂತ ಮೊದಲೇ ಇತ್ತು. ಲೆಂಪಿ, ಯಾಕೆ ಬಂತು ಅಂತ ನನಗೆ ಗೊತ್ತಿಲ್ಲ. ಕೆಲವು ಸಲ ಹೀಗೇ, ಗೊತ್ತಾಗೋದೇ ಇಲ್ಲ."

ಫೋನ್ ಇಟ್ಟ ಮೇಲೆ ಲೆಂಪಿಗೆ ಸಮಾಧಾನವಾಗಲಿಲ್ಲ. ಕಾಲಡಿಯ ಹಲಗೆ ಜಾರಿದಂತಾಯಿತು. ಬೈಯಲು ಇದ್ದ ಒಬ್ಬಳೂ ಕೈತಪ್ಪಿದ್ದಳು. ನಾವು ಹೆಂಗಸರು ಎಷ್ಟೋ ಸಲ ಇದನ್ನೇ ಮಾಡುತ್ತೇವೆ. ಹೇಳಲಾಗದ ಭಯಕ್ಕೆ ಹತ್ತಿರದವರ ಹೆಸರಿಟ್ಟುಬಿಡುತ್ತೇವೆ, ಹತ್ತಿರದವರು ಸುಲಭಕ್ಕೆ ಸಿಗುತ್ತಾರೆ ಎಂಬ ಒಂದೇ ಕಾರಣಕ್ಕೆ.

ಶುಕ್ರವಾರ ನೋಕಿ ಉಗಿಮನೆಗೆ ಮರಳಿತು. ಜ್ವರವಿರಲಿಲ್ಲ, ಆದರೆ ಏನನ್ನೂ ತಿನ್ನುತ್ತಿರಲಿಲ್ಲ. ಸೋಮವಾರದೊಳಗೆ ತಾನಾಗಿ ತಿನ್ನದಿದ್ದರೆ ಕುತ್ತಿಗೆಗೆ ಕೊಳವೆ ಹಾಕಿ ಆಹಾರ ಕೊಡಬೇಕು, ಇಷ್ಟು ಬಡವಾದ ಬೆಕ್ಕು ಅದನ್ನು ತಡೆದೀತೆಂದು ಹೇಳಲಾಗದು ಎಂದು ಡಾಕ್ಟರ್ ಎಚ್ಚರಿಸಿ ಕಳಿಸಿದ್ದರು. ಲೆಂಪಿ ಕೋಳಿಯ ಸಾರು ಮಾಡಿದರು, ಮೊಟ್ಟೆಯ ಹಳದಿಯನ್ನು ಬೆರಳಲ್ಲಿ ಹಚ್ಚಿ ಹಿಡಿದರು. ನೋಕಿ ಮುಖ ತಿರುಗಿಸಿತು. ಶನಿವಾರ ಒಲೆ ಹತ್ತಿತು, ಹೆಂಗಸರು ಬಂದರು, ಡೊರೀನ್ ಬರಲಿಲ್ಲ. ಮೇಲಿನ ಬೆಂಚು ಕಿಕ್ಕಿರಿದಿದ್ದರೂ ಎಡಮೂಲೆಗೆ ಯಾರೂ ಸರಿಯಲಿಲ್ಲ.

ಅಂದು ಸಂಜೆ ಉಗಿ ಮುಗಿಸಿದ ವೈನೋ, ಸೊಂಟಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು, ಬಟ್ಟೆ ಬದಲಿಸುವ ಕೋಣೆಯ ಬೆಂಚಿನಲ್ಲಿ ಕಾಫಿ ಮತ್ತು ಏಲಕ್ಕಿ ಬ್ರೆಡ್ ಇಟ್ಟುಕೊಂಡು ಕೂತಿದ್ದರು. ಬ್ರೆಡ್ಡಿಗೆ ಬೆಣ್ಣೆ ಸವರಿದ ಬೆರಳು ಬೆಂಚಿನ ಮೇಲೆ ಹಾಗೇ ಇತ್ತು. ಪಕ್ಕದ ಕೋಟಿನಿಂದ ನೋಕಿ ಕುತ್ತಿಗೆ ಚಾಚಿತು. ಮೂಸಿತು. ನೆಕ್ಕಿತು.

ವೈನೋ ಕಲ್ಲಾದರು. "ಯಾರೂ ಅಲ್ಲಾಡ್ಬೇಡ್ರೋ" ಎಂದು ತುಟಿ ಅಲುಗಿಸದೆ ಪಿಸುಗುಟ್ಟಿದರು. ಬಾಗಿಲು ತೆರೆದಾಗಲೆಲ್ಲ ಹೊರಗಿನ ಚಳಿ ಬಂದು ಬೆನ್ನಿಗೆ ಬಡಿಯುತ್ತಿತ್ತು. ಬೆರಳಿನ ಬೆಣ್ಣೆ ಮುಗಿಯಿತು, ಬ್ರೆಡ್ಡಿನ ಮೇಲಿನದೂ ಮುಗಿಯಿತು.

"ಏನು ವೈನೋ, ಆ ಗುಂಡು ಎಲ್ಲಿಟ್ಟೆ?" ಎಂದು ಯಾರೋ ಕೆಣಕಿದರು.

"ಬಾಯಿ ಮುಚ್ಚೋ. ತಿಂತಾ ಇದೆ."

ಇಷ್ಟು ದಿನ ಒಲ್ಲೆನೆಂದ ಬೆಕ್ಕು ಆ ಹೊತ್ತಿಗೆ, ಆ ಬೆರಳಿಗೆ ಯಾಕೆ ಒಲಿಯಿತೆಂದು ಡಾಕ್ಟರಿಗೂ ಗೊತ್ತಿಲ್ಲ. ಹೇಳದೆ ಬಂದದ್ದು ಹೇಳದೆಯೇ ಹೋಯಿತು. ಭಾನುವಾರ ನೋಕಿ ಕೋಳಿಯ ಸಾರು ಕುಡಿಯಿತು. ಸೋಮವಾರ ಬೆಳಿಗ್ಗೆ ಲೆಂಪಿ ಬಾಗಿಲು ತೆರೆದಾಗ ಎದ್ದು ನಿಂತು, ತಡವಾಯಿತೆಂದು ಬೈಯಿತು.

ಆ ಸೋಮವಾರ ಲೆಂಪಿ ಒಲೆ ಹಚ್ಚಿದರು.

ಸೋಮವಾರ ಉಗಿಮನೆಯ ಚಿಮಣಿಯಲ್ಲಿ ಹೊಗೆ ಕಾಣಿಸುವುದೆಂದರೆ ಊರಿಗೆ ಊರೇ ಕಿಟಕಿಗೆ ಬರುತ್ತದೆ. ಡೊರೀನ್ ಅವರ ಅಡುಗೆಮನೆ ಕಿಟಕಿ ನೇರ ಇತ್ತಲೇ ತೆರೆಯುತ್ತದೆ. ಇಲ್ಲಿಯವರು ಕ್ಷಮಿಸು ಎನ್ನುವ ಮಾತನ್ನು ಬಾಯಿಗೆ ತಂದುಕೊಳ್ಳುವುದು ಕಡಿಮೆ. ಮಧ್ಯಾಹ್ನದವರೆಗೂ ಡೊರೀನ್ ಮನೆಯ ಬಾಗಿಲು ಮುಚ್ಚಿಯೇ ಇತ್ತು. ಲೆಂಪಿ ಸೌದೆ ತುಂಬುತ್ತಲೇ ಇದ್ದರು. ಕೊನೆಗೆ ಹೊಸ್ತಿಲಿಗೆ ಬೂಟು ಕುಟ್ಟಿದ ಸದ್ದಾಯಿತು.

"ಸೋಮವಾರ ಒಲೆ ಯಾರಿಗೆ?" ಡೊರೀನ್ ಬಾಗಿಲಲ್ಲೇ ನಿಂತು ಕೇಳಿದರು.

"ಕಲ್ಲು ಕಾದಿದೆ."

ಇಬ್ಬರೂ ಒಳಗೆ ಕೂತರು, ಡೊರೀನ್ ತಮ್ಮ ಮೂಲೆಯಲ್ಲಿ. ಉಗಿಮನೆಯಲ್ಲಿ ಸೌಟು ಯಾರ ಕೈಯಲ್ಲಿದೆಯೋ ಬಿಸಿ ಅವರ ಇಷ್ಟ. ಲೆಂಪಿ ನೀರಿನ ಬಕೆಟ್ಟನ್ನೂ ಸೌಟನ್ನೂ ಗೆಳತಿಯ ಕಡೆ ತಳ್ಳಿದರು. ಡೊರೀನ್ ಕಾದ ಕಲ್ಲುಗಳ ಮೇಲೆ ಒಂದು ಸೌಟು ಸುರಿದರು, ಎರಡನೆಯದು, ತಡೆಯಿಲ್ಲದೆ ಮೂರನೆಯದು. ಉಗಿ ಛಾವಣಿಗೆ ಹೊಡೆದು ಹೆಗಲ ಮೇಲೆ ಇಳಿಯಿತು. ಲೆಂಪಿಯ ಕಿವಿಯ ತುದಿಗಳು ಸುಟ್ಟವು. ಅವರು ಕೆಳಬೆಂಚಿಗೆ ಇಳಿಯಲಿಲ್ಲ.

"ಸಾಕಾ?"

"ಇನ್ನೊಂದು ಹಾಕು."

"ನಿನ್ನ ಕಿವಿ ಸುಡ್ಲಿ ಅಂತಲೇ ಹಾಕ್ತಿದೀನಿ."

"ಗೊತ್ತು."

ನಾಲ್ಕನೆಯದನ್ನು ಡೊರೀನ್ ಅರ್ಧಕ್ಕೇ ನಿಲ್ಲಿಸಿದರು.

"ಮೀನಿಂದಲ್ಲವಂತೆ" ಎಂದರು ಲೆಂಪಿ.

"ನನಗೆ ಮೊದಲೇ ಗೊತ್ತಿತ್ತು."

"ಯಾವುದರಿಂದಾನೂ ಅಲ್ಲವಂತೆ."

"ಹಾಗಂದ್ರೆ?"

"ಹಾಗಂದ್ರೆ, ಹಾಗೇ."

ಡೊರೀನ್ ಬರ್ಚ್ ಎಲೆಯ ಕಟ್ಟನ್ನು ನೀರಲ್ಲಿ ಅದ್ದಿ, "ತಿರುಗು ಆ ಕಡೆ" ಎಂದು ಲೆಂಪಿಯ ಬೆನ್ನಿಗೆ ಬಡಿಯತೊಡಗಿದರು. ಮೊದಲ ಒಂದೆರಡು ಏಟು ಜೋರಾಗಿಯೇ ಇದ್ದವು.

ಈ ಶನಿವಾರ ಬೆಳಗಾಗಿದೆ. ಒಲೆ ಹಿಡಿದುಕೊಂಡಿದೆ, ಸರೋವರದ ಮೇಲೆ ತೆಳು ಬೆಳಕು. ಬೆಂಚಿನ ಮೇಲೆ ಎಣ್ಣೆಕಾಗದದ ಪೊಟ್ಟಣವೊಂದಿದೆ, ಡೊರೀನ್ ರಾತ್ರಿಯೇ ಬಾಗಿಲ ಸಂದಿಯಲ್ಲಿಟ್ಟು ಹೋದದ್ದು. ಲೆಂಪಿ ಮುಳ್ಳು ಬಿಡಿಸಿ ಒಂದು ಚೂರನ್ನು ಕೋಟಿನ ಅಂಚಿಗೆ ಇಡುತ್ತಾರೆ. ಜ್ವರ ಮರಳಬಹುದು, ಮರಳದೆಯೂ ಇರಬಹುದು ಎಂದಿದ್ದಾರೆ ಡಾಕ್ಟರ್. ದಿನ ಬೆಳಗಾದರೆ ಆ ಕಿವಿ ಮುಟ್ಟುವವರೆಗೂ ಎದೆ ಹಿಡಿದುಕೊಂಡೇ ಇರುತ್ತದೆ, ಅದಕ್ಕೆ ಮದ್ದಿಲ್ಲ, ಒಲೆಯಂತೂ ಹಚ್ಚಬೇಕಲ್ಲ ಎನ್ನುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಕೈಯಲ್ಲಿನ ಮೀನಿನೆಣ್ಣೆಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ.

"ಕಟ್ಟಿಗೆ ಒಣಗಿರ್ಲಿ. ಬೆಳಿಗ್ಗೆ ಇದರ ಕಿವಿ ತಣ್ಣಗಿರ್ಲಿ. ಜ್ವರ ಯಾಕೆ ಬಂದಿತ್ತು ಅಂತ ಯಾರಿಗಾದ್ರೂ ಗೊತ್ತಾದ್ರೆ ಧಾರಾಳವಾಗಿ ಬಂದು ಹೇಳ್ಲಿ." ಒಲೆಯ ಬಾಗಿಲು ತೆರೆದು ಇನ್ನೊಂದು ಸೌದೆ ನೂಕುತ್ತಾರೆ. "ಆದ್ರೆ ಹೊರಗಡೆ ಹೇಳ್ಲಿ, ಹಿಮದಲ್ಲಿ ನಿಂತು. ಇಲ್ಲಿ ಒಳಗೆ ಬೇಡ."