ಮಾರ್ಲಿಸಳ ಹೆಬ್ಬೆರಳು ಮತ್ತು ರಿವಾಲ್ವರು

ಮಧ್ಯಾಹ್ನದ ಕೊನೆಯ ತಟ್ಟೆ ತೊಳೆದಿಡುವ ಹೊತ್ತಿಗೆ ಮಾರ್ಲಿಸ್ ಟ್ವೇಟಳ ಬಲಗೈ ಹೆಬ್ಬೆರಳು ಅವಳ ಮಾತು ಕೇಳುತ್ತಿರಲಿಲ್ಲ. ಹೋವ್ಲಂಡ್ ಎಂಬ ಊರಿನ ಶಾಲೆಯ ಅಡುಗೆಮನೆಗೆ ಸೇರಿದಾಗ ಅವಳ ಕೂದಲು ಕಂದು ಬಣ್ಣದ್ದಾಗಿತ್ತು. ಈಗ ಪೂರ್ತಿ ಬೆಳ್ಳಗಾಗಿತ್ತು. ಒಲೆಯೊಳಗಿಂದ ಭಾರದ ಟ್ರೇ ಎಳೆಯುವುದು, ದೊಡ್ಡ ಡಬ್ಬಿಗಳ ಮುಚ್ಚಳ ಕೊಯ್ಯುವುದು, ಹಿಸುಕಿದ ಆಲೂಗಡ್ಡೆಯನ್ನು ಸೌಟಿನಿಂದ ಒತ್ತಿ ತಟ್ಟೆಗೆ ಹಾಕುವುದು, ಎಲ್ಲ ಭಾರವೂ ಆ ಬೆರಳಿನ ಬುಡಕ್ಕೇ. ಗೆಣ್ಣು ಸವೆದಿದೆ, ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಆಗಲಿ ಎಂದು ತಲೆಯಾಡಿಸಿ ಬಂದವಳು ಮರುದಿನ ಮತ್ತೆ ಸೌಟು ಹಿಡಿದಳು.

ವಾರದಲ್ಲಿ ಮಂಗಳವಾರದ ಸಂಜೆ ಮಾತ್ರ ಅವಳದ್ದು. ಚಳಿಗಾಲವಿಡೀ ಅಂದು ಹಳೆಯ ಬೆಣ್ಣೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಊರಿನ ಪಿಸ್ತೂಲು ಕ್ಲಬ್ಬಿನ ಪಂದ್ಯ ನಡೆಯುತ್ತಿತ್ತು. ಒಂದೇ ಕೈ ಚಾಚಿ ನಿಂತು ದೂರದ ಕಾಗದದ ಕಪ್ಪು ವೃತ್ತಕ್ಕೆ ಹೊಡೆಯಬೇಕು. ಉಳಿದವರ ಕೈಯಲ್ಲೆಲ್ಲ ತಾನಾಗಿ ಸಜ್ಜಾಗುವ ಹೊಸ ಪಿಸ್ತೂಲುಗಳು. ಮಾರ್ಲಿಸಳ ಬಳಿ ಮಾತ್ರ ಪಾಯಿಂಟ್ ಟೂ ಟೂ ರಿವಾಲ್ವರು, ಗುಂಡಿನ ಹಿಂಬದಿಯ ಅಂಚಿಗೆ ಏಟು ಬಿದ್ದರೆ ಸಿಡಿಯುವಂಥದ್ದು. ಮನೆಗೆ ಸೋಫಾ ಕೊಳ್ಳಲೆಂದು ಹೋದವಳು ಅದನ್ನು ಕೊಂಡು ತಂದಿದ್ದಳು. ಅದರ ರಬ್ಬರಿನ ಹಿಡಿ ತೆಗೆದು ಅಕ್ರೋಟು ಮರದ ಹಿಡಿ ಹಾಕಿ, ತನ್ನ ಅಂಗೈಗೆ ಒಪ್ಪುವ ತನಕ ಉಪ್ಪುಕಾಗದದಿಂದ ತೀಡಿದ್ದಳು. ನಳಿಗೆಯ ತುದಿಯ ಗುರಿಮೊನೆ ಮಬ್ಬು ಬೆಳಕಿನಲ್ಲಿ ಕಾಣದೆಂದು ಅದಕ್ಕೆ ಕಿತ್ತಳೆ ಬಣ್ಣದ ಉಗುರುಬಣ್ಣ ಬಳಿದಿದ್ದಳು. ಹೀಗೆ ಒಂದೊಂದಾಗಿ ಸರಿಮಾಡುತ್ತಾ ಅದು ಅವಳ ಕೈಯ ಮುಂದುವರಿಕೆಯೇ ಆಗಿಹೋಗಿತ್ತು.

ಈ ಚಳಿಗಾಲದ ತೊಂದರೆಯೆಂದರೆ ಕುದುರೆ. ರಿವಾಲ್ವರಿನ ಹಿಂದೆ ಚಾಚಿಕೊಂಡು, ಬಿದ್ದು ಗುಂಡಿಗೆ ಏಟು ಕೊಡುವ ಆ ತುಂಡನ್ನು ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು. ನಿಧಾನದ ಸುತ್ತಿನಲ್ಲಿ ಎಡಗೈಯಿಂದ ಎಳೆದುಕೊಂಡರೂ ನಡೆಯುತ್ತದೆ. ಹತ್ತು ಸೆಕೆಂಡಿನಲ್ಲಿ ಐದು ಗುಂಡು ಹಾರಿಸುವ ಸುತ್ತಿನಲ್ಲಿ ಅದಕ್ಕೆಲ್ಲ ಸಮಯವೆಲ್ಲಿ? ಎರಡು ವಾರ ಅವಳು ಮೂರನೆಯ ಗುಂಡಿಗೇ ನಿಂತುಬಿಟ್ಟಿದ್ದಳು. ಹೀಗೇ ಆದರೆ ಒಂದೋ ರಿವಾಲ್ವರು ಬಿಡಬೇಕು, ಇಲ್ಲವೇ ಪಂದ್ಯ ಬಿಡಬೇಕು.

ತಂಗಿಯ ಗಂಡ ಓರಿನ್, ತಂಡದ ನಾಯಕನೂ ಹೌದು, ತನ್ನ ಎರಡನೆಯ ಪಿಸ್ತೂಲನ್ನು ಕೊಡುತ್ತೇನೆಂದ. ಅವಳು ನೋಡೋಣ ಎಂದಳು. ಆ ಕಡೆ ನೋಡೋಣ ಎಂದರೆ ಬೇಡ ಎಂದೇ ಅರ್ಥ.

ರಿವಾಲ್ವರಿನ ಹಿಡಿಯ ಮುಂಭಾಗದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಒಳಗಿನ ಸ್ಪ್ರಿಂಗನ್ನು ಬಿಗಿಹಿಡಿಯುವುದು ಅದೇ. ಅದನ್ನು ತುಸು ಸಡಿಲಿಸಿದರೆ ಕುದುರೆ ಹಗುರಾಗುತ್ತದೆಂದು ಕ್ಲಬ್ಬಿನಲ್ಲಿ ಯಾರೋ ಹೇಳಿದ್ದು ಅವಳಿಗೆ ನೆನಪಿತ್ತು. ಭಾನುವಾರ ಚರ್ಚಿನಿಂದ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಟವೆಲು ಹಾಸಿ ಸ್ಕ್ರೂ ತಿರುಗಿಸಿದಳು. ಗುಂಡಿಲ್ಲದೆ ಬರಿದೇ ಹೊಡೆದರೆ ಈ ಜಾತಿಯ ರಿವಾಲ್ವರಿನಲ್ಲಿ ಗುಂಡು ಕೂರುವ ಗೂಡುಗಳ ಅಂಚು ಜಜ್ಜಿಹೋಗುತ್ತದೆ. ಅದಕ್ಕೇ ಎಲ್ಲರೂ ಮಾಡುವಂತೆ, ಗೋಡೆಗೆ ಸ್ಕ್ರೂ ಹಾಕುವ ಮೊದಲು ತೂತಿಗೆ ತುರುಕುವ ಹಳದಿ ಪ್ಲಾಸ್ಟಿಕ್ ಬಿರಡೆಗಳನ್ನು ಗುಂಡುಗಳ ಜಾಗದಲ್ಲಿಟ್ಟು ಅಭ್ಯಾಸ ಮಾಡಿದಳು. ಕುದುರೆ ಬೆಣ್ಣೆಯಂತೆ ಜಾರಿ ಹಿಂದೆ ಬಂತು. ಹೆಬ್ಬೆರಳು ನೋಯಲಿಲ್ಲ. ಬಹಳ ದಿನಗಳ ಮೇಲೆ ಅವಳು ತನ್ನಷ್ಟಕ್ಕೆ ಗುನುಗಿದಳು.

ಮಂಗಳವಾರ ಪಕ್ಕದೂರಿನ ತಂಡ ಬಂದಿತ್ತು. ವೇಗದ ಸುತ್ತಿನಲ್ಲಿ ಎರಡನೆಯ ಗುಂಡಿಗೇ ಟಿಕ್ ಎಂದಿತು, ಅಷ್ಟೇ. ಅವಳು ನಿಯಮದಂತೆ ಎಡಗೈ ಎತ್ತಿದಳು. ಪಂದ್ಯ ನಡೆಸುವ ಹಾರ್ಲನ್ ಬಂದು ನೋಡಿ, ಕೆಟ್ಟ ಗುಂಡಿರಬೇಕು, ಮತ್ತೊಮ್ಮೆ ಹೊಡಿ ಎಂದ. ಮರುಸುತ್ತಿನಲ್ಲಿ ಎರಡು ಸಲ ಟಿಕ್ ಎಂದಿತು. ಮರುಸುತ್ತು ಒಬ್ಬರಿಗೆ ಒಂದೇ ಸಲ. ಹಾರದ ಗುಂಡುಗಳಿಗೆ ಸೊನ್ನೆ ಬಿತ್ತು, ಹೋವ್ಲಂಡ್ ಸೋತಿತು.

ಓರಿನ್ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತ. "ಹೋದ ವಾರಕ್ಕಿಂತ ವಾಸಿ ಮಾರ್ಲಿಸ್. ಸದ್ದೇ ಕಮ್ಮಿ, ಕಿವಿಗೆ ತುಂಬ ಆರಾಮಾಗಿತ್ತು."

ಅವಳು ಹಾರದ ಗುಂಡುಗಳನ್ನು ಬೆಳಕಿಗೆ ಹಿಡಿದಳು. ಅಂಚಿನ ಮೇಲೆ ಉಗುರಿನಿಂದ ಗೀರಿದಷ್ಟೇ ಗುರುತು. ಸಡಿಲಿಸಿದ ಸ್ಪ್ರಿಂಗಿನ ಏಟಿಗೆ ಬಲವೇ ಇರಲಿಲ್ಲ. ಪ್ಲಾಸ್ಟಿಕ್ ಬಿರಡೆ ಏಟು ಜೋರೋ ಮೆತ್ತಗೋ ಎಂದು ಹೇಳುವುದಿಲ್ಲವಲ್ಲ. ಗುಂಡು ಕೆಟ್ಟಿರಲಿಲ್ಲ, ಕೆಡಿಸಿದವಳು ತಾನೇ ಎಂದು ಓರಿನ್‌ಗೆ ಹೇಳಿದಳು.

ಮರುದಿನ ಕೆಲಸ ಮುಗಿಸಿ ಬಂದು ಸ್ಕ್ರೂ ಪೂರ್ತಿ ಬಿಗಿದಳು. ಹೆಬ್ಬೆರಳು ಕುದುರೆಯನ್ನು ಅರ್ಧಕ್ಕೆ ತಂದು ಕೈಬಿಟ್ಟಿತು. ಆಮೇಲೆ ಕುದುರೆಯನ್ನು ಮುಟ್ಟದೆ ಟ್ರಿಗರನ್ನೇ ಕೊನೆಯ ತನಕ ಎಳೆದಳು. ಉದ್ದದ, ಬಿಗಿಯಾದ ಎಳೆತ. ಕುದುರೆ ತಾನೇ ಎದ್ದು ತಾನೇ ಬಿತ್ತು. ಆ ದಾರಿ ರಿವಾಲ್ವರಿನಲ್ಲಿ ಮೊದಲಿನಿಂದಲೂ ಇತ್ತು. ಗುರಿ ಅಲುಗುತ್ತದೆಂದು ಪಂದ್ಯದಲ್ಲಿ ಯಾರೂ ಹಾಗೆ ಹೊಡೆಯುತ್ತಿರಲಿಲ್ಲ. ತೋರುಬೆರಳಿಗೆ ನೋವಿರಲಿಲ್ಲ. ಶಾಲೆಯ ಅಡುಗೆಮನೆ ಅದನ್ನು ಅಷ್ಟಾಗಿ ದುಡಿಸಿಕೊಂಡಿರಲಿಲ್ಲ.

ಮುಂದಿನ ವಾರ ಅವಳು ಓರಿನ್‌ನನ್ನು ಪಕ್ಕಕ್ಕೆ ಕರೆದು, ಟ್ರಿಗರನ್ನೇ ಎಳೆದು ಹೊಡೆದರೆ ಅಂಕ ಇಳಿಯುತ್ತದೆಂದು, ತಂಡದ ಲೆಕ್ಕಕ್ಕೆ ಅಂಕ ಸೇರುವ ನಾಲ್ವರ ಪಟ್ಟಿಯಿಂದ ತನ್ನ ಹೆಸರು ತೆಗೆಯಲು ಹೇಳಿದಳು. ಇಷ್ಟು ವರ್ಷ ಆ ನಾಲ್ವರಲ್ಲಿದ್ದವಳು. ಅವನು ಒಪ್ಪಲಿಲ್ಲ. "ನನ್ನ ಪಿಸ್ತೂಲು ತಗೋ ಅಂದ್ನಲ್ಲ. ನಿನ್ನ ಜಾಗ ಹಾಗೇ ಇರತ್ತೆ. ಯಾಕಿಷ್ಟು ಹಟ?"

"ಹಟ ಅಲ್ವೋ. ದಿನಾ ಶಾಲೆ ಗಂಟೆಗೆ ಸರಿಯಾಗಿ ಬಡಿಸಿ ಬಡಿಸಿ ಸಾಕಾಗಿದೆ. ಇದೊಂದನ್ನ ನನ್ನ ಕೈಗೆ ಒಪ್ಪೋ ಹಾಗೆ ಮಾಡ್ಕೊಂಡಿದೀನಿ. ಜಾಗ ಹೋದ್ರೆ ಹೋಗ್ಲಿ, ಇದನ್ನ ಬಿಡಕ್ಕಾಗಲ್ಲ."

ಓರಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಹಾರ್ಲನ್ ಬಳಿ ಹೋಗಿ ಅವಳ ಹೆಸರನ್ನು ಅಂಕ ಲೆಕ್ಕಕ್ಕಿಲ್ಲದವರ ಕೆಳಗಿನ ಸಾಲಿಗೆ ಬರೆಸಿದ.

ವೇಗದ ಸುತ್ತು ಬಂತು. ಅವಳು ಕೈ ಚಾಚಿ ಎಳೆದಳು, ಮತ್ತೆ ಎಳೆದಳು. ಕಿತ್ತಳೆ ಮೊನೆ ಕಪ್ಪು ವೃತ್ತದ ಸುತ್ತ ಕುಡಿದವನಂತೆ ತೂರಾಡಿತು. ಐದೂ ಸಿಡಿದವು. ತಂತಿಯ ಮೇಲೆ ಜಾರಿ ಬಂದ ಕಾಗದವನ್ನು ಓರಿನ್ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಇದೇನು, ಕಣ್ಣು ಮುಚ್ಕೊಂಡು ಹೊಡೆದ್ಯಾ?"

"ಒಂದು ಮಾತ್ರ ತೆರೆದಿದ್ದೆ," ಎಂದಳು ಮಾರ್ಲಿಸ್.

ಕರಿಯ ವೃತ್ತದೊಳಗೆ ಎರಡು ತೂತುಗಳಿದ್ದವು. ಅವಳ ಕಾಲುಗಳು ನೋಯುತ್ತಿದ್ದವು, ನಾಳೆ ಬೆಳಗಾಗುವ ಮುಂಚೆಯೇ ಒಲೆ ಹಚ್ಚಬೇಕಿತ್ತು. ಅವಳು ಸಿಡಿದ ಗುಂಡುಗಳ ಖಾಲಿ ಕವಚಗಳನ್ನು ಡಬ್ಬಕ್ಕೆ ಸುರಿದು, ಬಿಸಿಯಾಗಿದ್ದ ಗೂಡುಗಳಿಗೆ ಹೊಸ ಗುಂಡುಗಳನ್ನು ಒಂದೊಂದಾಗಿ, ಅವಸರವಿಲ್ಲದೆ ತುಂಬತೊಡಗಿದಳು.