ಖಾಲಿ ರ್‍ಯಾಕಿಗೆ ಸೊಪ್ಪು

ಮುಳಬಾಗಿಲಿನಲ್ಲಿ ಬರೆದ ಮಾದರಿ ಪರೀಕ್ಷೆಯಲ್ಲಿ ನನಗೆ ಅರ್ಧದಷ್ಟೂ ಅಂಕ ಬರಲಿಲ್ಲ. ಸರ್ಕಾರಿ ಗುಮಾಸ್ತೆ ಹುದ್ದೆಗೆ ನನ್ನ ವಯಸ್ಸಿನ ಮಿತಿ ಮುಗಿಯುತ್ತಾ ಬಂದಿತ್ತು. ಮುಂದಿನ ಪರೀಕ್ಷೆಯೇ ಕೊನೆಯ ಅವಕಾಶ. ಕೋಚಿಂಗಿಗೆ ಹೋಗುವ ಹಾಗಿರಲಿಲ್ಲ, ಮನೆಯಲ್ಲೇ ಓದಿಕೊಂಡಿದ್ದೆ. ಅದೂ ಎಂಥ ಶಿಸ್ತು! ಮೊದಲು ಇತಿಹಾಸ ಪೂರ್ತಿ, ಆಮೇಲೆ ಸಂವಿಧಾನ ಪೂರ್ತಿ, ಆಮೇಲೆ ವಿಜ್ಞಾನ, ಕೊನೆಗೆ ಲೆಕ್ಕ. ಒಂದು ಮುಗಿಯದೆ ಇನ್ನೊಂದನ್ನು ಮುಟ್ಟಿದವಳಲ್ಲ. ಈಗ ನೋಡಿದರೆ ಇತಿಹಾಸ ಪೂರ್ತಿ ಸಾಫ್! ಅಶೋಕನ ಶಾಸನದ ಪ್ರಶ್ನೆ ಓದಿದರೆ ಆ ಪುಟದ ಮೂಲೆಯಲ್ಲಿ ಬಿದ್ದಿದ್ದ ಟೀ ಕಲೆ ಕಣ್ಣಿಗೆ ಕಟ್ಟುತ್ತದೆ, ಉತ್ತರ ಮಾತ್ರ ಇಲ್ಲ. ಓದಿದ್ದೆಲ್ಲ ಎಲ್ಲಿ ಹಾಳಾಗಿ ಹೋಯಿತು? ತಾಯಲೂರಿನ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕೇಳಿದ್ದೂ ನನ್ನ ಕಿವಿಗೆ ಬೀಳಲಿಲ್ಲ.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ನಮ್ಮನೆಯವರು ಮಾಲೂರಿನ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಾರೆ. ಹುಳದ ಮನೆ ಏನಿದ್ದರೂ ನನ್ನದು ಮತ್ತು ಅತ್ತೆಯದು. ಆ ಸಂಜೆ ಅಳು ನುಂಗಿಕೊಂಡು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದೆ. ಬಾಗಿಲ ರ್‍ಯಾಕಿನಿಂದ ಮೂಲೆಯ ರ್‍ಯಾಕಿನವರೆಗೆ, ಎಲ್ಲಕ್ಕೂ ಒಂದೊಂದು ತೆಕ್ಕೆ. ಥಟ್ಟನೆ ಕೈ ನಿಂತಿತು. ವಾರವಿಡೀ ಒಂದೇ ರ್‍ಯಾಕಿಗೆ ಸುರಿದು, ಆಮೇಲೆ ಪಕ್ಕದ್ದಕ್ಕೆ ಹೋದರೆ ಉಳಿದ ಹುಳ ಬದುಕುತ್ತವೆಯೇ? ಓದಿನಲ್ಲಿ ನಾನು ಮಾಡಿದ್ದು ಅದನ್ನೇ ಅಲ್ಲವೇ! ನನಗೆ ನನ್ನ ಮೇಲೇ ರೇಗಿತು.

ಮರುದಿನದಿಂದ ಬಾಗಿಲ ರ್‍ಯಾಕು ಸಂವಿಧಾನ, ಕಿಟಕಿಯದು ಇತಿಹಾಸ, ನಡುವಿನದು ಲೆಕ್ಕ, ಮೂಲೆಯದು ವಿಜ್ಞಾನ. ಸೊಪ್ಪು ಹಾಕುವಾಗಲೆಲ್ಲ ಪ್ರತಿ ರ್‍ಯಾಕಿನ ಮುಂದೆ ನಿಂತು ಪುಸ್ತಕ ನೋಡದೆ ಒಂದು ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಹೇಳಬೇಕು. ತಪ್ಪಿದ್ದನ್ನು ಸಂಜೆಯ ಸೊಪ್ಪಿಗೆ ಮತ್ತೆ ಕೇಳಿಕೊಳ್ಳಬೇಕು. ಅತ್ತೆಗೆ ಅರ್ಥವಾಗುವ ಹಾಗೆ ಹೇಳಲು ಬರದಿದ್ದರೆ ನನಗೂ ಅರ್ಥವಾಗಿಲ್ಲ ಎಂದೇ ಲೆಕ್ಕ. ಅತ್ತೆ ಸುಮ್ಮನಿರುವವರೇ? "ಎಲ್ಲಾದಕ್ಕೂ ಸಹಿ ಹಾಕೋದೇ ಆದ್ರೆ ಆ ರಾಜ್ಯಪಾಲ್ರಿಗೆ ಕೈ ನೋಯಲ್ವೇನೇ?" ಎಂದು ಕಾಲೆಳೆಯುತ್ತಿದ್ದರು.

ಹುಳ ಪೊರೆ ಬಿಡುವ ಮುಂಚೆ ತಲೆ ಎತ್ತಿ ಅಲುಗದೆ ಮಲಗುತ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಆಗ ಒಂದು ಎಲೆಯನ್ನೂ ಹಾಕಬಾರದು. ಹುಳದ ಜೊತೆ ನನ್ನ ಓದಿಗೂ ಆಗ ರಜೆ. ಮೊದಲ ಸಲ, ಇದ್ದದ್ದೂ ಹೋಯಿತು ಎಂದುಕೊಂಡೆ. ಜ್ವರ ಬಿಟ್ಟು ಹುಳ ಎದ್ದ ದಿನ ಕಿಟಕಿ ರ್‍ಯಾಕಿನ ಮುಂದೆ ಬಾಯಿ ತೆರೆದರೆ ಅಶೋಕನ ಶಾಸನಗಳು ಊರಿನ ಹೆಸರುಗಳ ಸಮೇತ ಸರಾಗವಾಗಿ ಬಂದವು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಪರೀಕ್ಷೆಯ ದಿನ ಗೊತ್ತಾಯಿತು. ಹಿಂದಿನ ಬೆಳೆ ಮುಗಿದಿತ್ತು, ಹೊಸ ಬೆಳೆಗೆ ಮರಿಹುಳ ತಂದರೆ ಅವು ಹಣ್ಣಾಗಿ ಗೂಡು ಕಟ್ಟಲು ಹೊರಡುವುದು ಸರಿಯಾಗಿ ಆಗಲೇ. ಆ ಹೊತ್ತಿನಲ್ಲಿ ಮನೆಮಂದಿಯೆಲ್ಲ ಹುಳ ಆಯಲು ನಿಲ್ಲಬೇಕು. ಹೇಗಪ್ಪಾ ಎಂದು ಒದ್ದಾಡುತ್ತಿರುವಾಗಲೇ ಒಂದು ಬೆಳಿಗ್ಗೆ ಹುಳದ ಮನೆಗೆ ಹೋದರೆ ರ್‍ಯಾಕುಗಳೆಲ್ಲ ತೊಳೆದು ಖಾಲಿ! ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಮರಿ ಕೊಡೋರಿಗೆ ಈ ಬೆಳೆ ಬೇಡಾಂತ ಹೇಳಿ ಬಂದೆ. ಕಾಲ್ ಚಾಚ್ಕೊಂಡು ಓದ್ಕೋ ಹೋಗು" ಎಂದರು. ನನ್ನ ಕಣ್ಣು ತುಂಬಿ ಬಂತು.

ಓದಲು ಕೂತೆ. ಒಂದಕ್ಷರ ತಲೆಗೆ ಹತ್ತಲಿಲ್ಲ! ಹುಳ ಸೊಪ್ಪು ಮೇಯುವ ಸರಸರ ಸದ್ದಿಲ್ಲ, ಕೈಗೆ ಕೆಲಸವಿಲ್ಲ. ಕಲಿತದ್ದನ್ನು ನೆನೆದರೆ ಬರೀ ಗೋಡೆ ಕಾಣುತ್ತಿತ್ತು. ನನ್ನ ಸಲುವಾಗಿ ಒಂದು ಬೆಳೆಯನ್ನೇ ಬಿಟ್ಟವರಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಮಧ್ಯಾಹ್ನ ತೋಟಕ್ಕೆ ಹೋಗಿ ಒಂದು ತೆಕ್ಕೆ ಸೊಪ್ಪು ಕೊಯ್ದು ತಂದು, ಖಾಲಿ ರ್‍ಯಾಕುಗಳ ಮೇಲೆ ಹರವುತ್ತ ಪ್ರಶ್ನೆ ಹೇಳಿಕೊಳ್ಳತೊಡಗಿದೆ. ಬಾಗಿಲಲ್ಲಿ ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ಅಯ್ಯಯ್ಯೋ, ಪಿಚ್ಚಿ ಪಟ್ಟಿಂದೇಮೇ ನೀಕು? ಹುಚ್ಚು ಹಿಡೀತೇನೇ ನಿಂಗೆ? ಹುಳ ಎಲ್ಲೇ ಐತೆ, ಯಾರಿಗೇ ಹಾಕ್ತಿದ್ದೀಯ?"

ಅಳುತ್ತಲೇ ಎಲ್ಲ ಹೇಳಿದೆ. ಅವರು ನನ್ನ ತೆಕ್ಕೆಯಿಂದ ಅರ್ಧ ಸೊಪ್ಪು ತೆಗೆದುಕೊಂಡರು. "ಹ್ಞೂಂ, ಬಾಗ್ಲು ರ್‍ಯಾಕಿಂದ ಶುರು ಮಾಡು" ಎಂದರು. ಪರೀಕ್ಷೆಯವರೆಗೂ ನಾವಿಬ್ಬರೂ ಇಲ್ಲದ ಹುಳಕ್ಕೆ ಸೊಪ್ಪು ಹಾಕಿದೆವು. ಸಂಜೆ ಅದನ್ನು ಬಾಚಿ ಹಸುವಿನ ಮುಂದೆ ಸುರಿಯುತ್ತಿದ್ದೆವು.

ಕೋಲಾರದ ಪರೀಕ್ಷಾ ಕೊಠಡಿಯಲ್ಲಿ ಮೊದಲ ಪುಟಕ್ಕೇ ಮತ್ತೆ ಅದೇ ಗೋಡೆ ಕಂಡಿತು. ಏನೂ ನೆನಪಿಲ್ಲ. ಕಣ್ಣು ಮುಚ್ಚಿದೆ. "ಏನಮ್ಮಾ, ಏನ್ ಮಾಡ್ತಾ ಇದ್ದೀರ?" ಎಂದು ಮೇಲ್ವಿಚಾರಕರು ಗದರಿದಾಗ ಬೆಚ್ಚಿಬಿದ್ದು ನೋಡಿದರೆ, ನನ್ನ ಎಡಗೈ ಡೆಸ್ಕಿನ ಮೇಲೆ ಸೊಪ್ಪು ಹರವುತ್ತಿತ್ತು! ಕ್ಷಮಿಸಿ ಸರ್ ಎಂದೆ. ಆದರೆ ಅಷ್ಟರಲ್ಲಿ ನಾನು ಬಾಗಿಲ ರ್‍ಯಾಕಿನ ಮುಂದೆ ನಿಂತಾಗಿತ್ತು.

ಕೆಲಸದ ಆದೇಶ ಬಂದ ದಿನ ಮೊಬೈಲ್ ಹಿಡಿದುಕೊಂಡು ಹುಳದ ಮನೆಗೆ ಓಡಿದೆ. ಹೊಸ ಹುಳ ಬಂದಿದ್ದವು. ಅತ್ತೆ ಮೂಲೆಯ ರ್‍ಯಾಕಿಗೆ ಸೊಪ್ಪು ಹಾಕುತ್ತಿದ್ದರು. "ಅತ್ತೆ, ಕೆಲಸ ಆಯ್ತು! ಶ್ರೀನಿವಾಸಪುರಕ್ಕೆ ಹಾಕಿದ್ದಾರೆ!" ಎಂದು ಕೂಗಿದೆ. ಅವರು ತಿರುಗಲಿಲ್ಲ.

"ಸೂರ್ಯನ ಬೆಳಕು ಇಲ್ಲಿಗೆ ಬರೋಕೆ ಹೊತ್ತು ಹಿಡಿಯುತ್ತೆ ಅಂದಿದ್ದೆಯಲ್ಲ" ಎಂದರು. "ಹಂಗಾದ್ರೆ ನಾವು ನೋಡ್ತಿರೋದು ಆಗ್ಲೇ ಹಳೇದಾಗಿರೋ ಸೂರ್ಯನಾ? ನೀನು ಆಫೀಸಿಗೆ ಹೋದ್ಮೇಲೆ ಇದನ್ನೆಲ್ಲ ನಂಗೆ ಯಾರೇ ಹೇಳೋರು?"

ನಾನು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಹೂಂ ಅತ್ತೆ, ಹಳೇ ಸೂರ್ಯನೇ" ಎಂದೆ.

ಅವರು ಸೊಪ್ಪು ಕೆಳಗಿಟ್ಟು ಬಾಗಿಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

"ಅಯ್ಯಯ್ಯೋ!" ಎಂದರು.